ಆಟೋಕ್ಯಾಡ್‌ನಲ್ಲಿ ಬ್ಲಾಕ್ ಲೈಬ್ರರಿ: ವರ್ಷಗಟ್ಟಲೆ ಬಳಸಿದವನ ಮಾತು

ಮನೆ ಪ್ಲಾನ್ ಹಾಕುವುದು ನನ್ನ ಕಸುಬು. ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್ ಬಗ್ಗೆ ಹೇಳಲು ಬೇಕಾದಷ್ಟಿದೆ, ಆದರೆ ಇಲ್ಲಿ ಬರೆಯುತ್ತಿರುವುದು ಬಾಗಿಲು, ಕಿಟಕಿ, ಲೈಟ್ ಪಾಯಿಂಟ್‌ಗಳ ಬ್ಲಾಕ್‌ಗಳನ್ನು (ಒಮ್ಮೆ ಬರೆದು ಮತ್ತೆ ಮತ್ತೆ ಬಳಸುವ ಸಿದ್ಧ ಚಿಹ್ನೆಗಳನ್ನು) ಒಪ್ಪವಾಗಿ ಇಟ್ಟುಕೊಳ್ಳುವ ಸೌಲಭ್ಯದ ಬಗ್ಗೆ ಮಾತ್ರ. ಐದಕ್ಕೆ ನಾಲ್ಕು ಕೊಡುತ್ತೇನೆ.

ಸಾಫ್ಟ್‌ವೇರ್ ಜೊತೆ ಬರುವ ಹೌಸ್ ಡಿಸೈನರ್, ಕಿಚನ್ಸ್ ಮುಂತಾದ ಮಾದರಿ ಫೈಲ್‌ಗಳನ್ನು ನೆಚ್ಚಿಕೊಳ್ಳಬೇಡಿ. ಅವು ಅಮೆರಿಕದ ಮನೆಗೆ ಮಾಡಿದವು, ಅಳತೆಯೂ ಇಂಚಿನಲ್ಲಿ. ಬಾತ್‌ಟಬ್ ಸಿಗುತ್ತದೆ, ಸಂಪು, ತುಳಸಿಕಟ್ಟೆ, ಬಟ್ಟೆ ಒಗೆಯುವ ಕಲ್ಲು ಎಲ್ಲಿಂದ ಬರಬೇಕು? ನಮ್ಮದನ್ನು ನಾವೇ ಮಾಡಿಟ್ಟುಕೊಳ್ಳಬೇಕು. ನೆಟ್‌ನಲ್ಲಿ ಪುಕ್ಕಟೆ ಸಿಗುವ ಬ್ಲಾಕ್‌ಗಳನ್ನು ತಂದರೆ ಹತ್ತಾರು ಬೇಡದ ಲೇಯರ್‌ಗಳೂ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಪದರಗಳು) ಹಿಂದೆಯೇ ಬರುತ್ತವೆ. ಪರ್ಜ್ ಮಾಡದೆ, ಅಂದರೆ ಬಳಕೆಯಲ್ಲಿಲ್ಲದ್ದನ್ನು ತೆಗೆದುಹಾಕದೆ, ಲೈಬ್ರರಿಗೆ ಸೇರಿಸಲೇಬಾರದು.

ನಿಜವಾದ ತಲೆನೋವು ಯೂನಿಟ್‌ನದು. ಸೈಟಿನವರು 30x40 ಅಂತ ಅಡಿಯಲ್ಲಿ ಮಾತಾಡುತ್ತಾರೆ, ಮಂಜೂರಾತಿ ನಕ್ಷೆಗೆ ಮೀಟರ್ ಬೇಕು, ಬ್ಲಾಕ್ ಬರೆದವನು ಮಿಲಿಮೀಟರ್‌ನಲ್ಲಿ ಬರೆದಿರುತ್ತಾನೆ. ಬ್ಲಾಕ್‌ನಲ್ಲೂ ಡ್ರಾಯಿಂಗ್‌ನಲ್ಲೂ ಯೂನಿಟ್ ಸರಿಯಾಗಿ ಹೇಳಿದ್ದರೆ ಆಟೋಕ್ಯಾಡ್ ತಾನೇ ಅಳತೆ ಹೊಂದಿಸುತ್ತದೆ. ಹೇಳದೆ ಬಿಟ್ಟು, ಅದು 900 ಮಿಲಿಮೀಟರ್ ಬಾಗಿಲಿನ 900 ಎಂಬುದನ್ನು ಇಂಚು ಎಂದುಕೊಂಡರೆ ಮಲಗುವ ಕೋಣೆಗೆ 75 ಅಡಿ ಅಗಲದ ಬಾಗಿಲು! ಹಾಗಾಗಿ ಬ್ಲಾಕ್ ಮಾಡುವಾಗಲೇ ಯೂನಿಟ್ ನಮೂದಿಸುವುದು ಒಳ್ಳೆಯದು.

ನನಗೆ ಅತಿ ಹೆಚ್ಚು ಸಮಯ ಉಳಿಸಿದ್ದು ಟೂಲ್ ಪ್ಯಾಲೆಟ್, ಅಂದರೆ ಬೇಕಾದ ಬ್ಲಾಕ್‌ಗಳನ್ನು ಜೋಡಿಸಿಟ್ಟು ಎಳೆದು ಬಳಸುವ ಪಟ್ಟಿ. ತೆರೆಯಲು ಕಂಟ್ರೋಲ್ ಒತ್ತಿ 3. ಚಿಹ್ನೆಯನ್ನು '0' ಲೇಯರ್‌ನಲ್ಲಿ, ಬಣ್ಣ ಬೈಲೇಯರ್ (ಲೇಯರ್‌ನ ಬಣ್ಣವೇ ಚಿಹ್ನೆಗೂ ಬರುವಂತೆ) ಇಟ್ಟು ಬರೆದುಕೊಳ್ಳಿ. ಪ್ಯಾಲೆಟ್‌ಗೆ ಹಾಕಿದ ಮೇಲೆ ಅದರ ಪ್ರಾಪರ್ಟೀಸ್‌ನಲ್ಲಿ ಎಲೆಕ್ಟ್ರಿಕಲ್ ಲೇಯರ್ ಅಂತ ಕೊಡಿ. ಆಮೇಲೆ ಯಾವ ಲೇಯರ್‌ನಲ್ಲಿ ಕೆಲಸ ಮಾಡುತ್ತಿದ್ದರೂ ಫ್ಯಾನ್ ಪಾಯಿಂಟ್ ಎಳೆದು ಬಿಟ್ಟರೆ ತನ್ನ ಲೇಯರ್‌ನಲ್ಲೇ, ತನ್ನ ಬಣ್ಣದಲ್ಲೇ ಕೂರುತ್ತದೆ. ಆ ಲೇಯರ್ ಡ್ರಾಯಿಂಗ್‌ನಲ್ಲಿ ಇಲ್ಲದಿದ್ದರೆ ಹುಟ್ಟಿಕೊಳ್ಳುತ್ತದೆ. ಹೊಸ ಹುಡುಗರಿಗೆ ಕೆಲಸ ಕೊಟ್ಟಾಗ ಇದರ ಬೆಲೆ ಗೊತ್ತಾಗುತ್ತದೆ. ಒಂದೇ ಎಚ್ಚರ: ಮೂಲ ಫೈಲ್ ಇರುವ ಫೋಲ್ಡರ್ ಅನ್ನು ಆಚೀಚೆ ಮಾಡಿದರೆ ಪ್ಯಾಲೆಟ್ ದಾರಿ ತಪ್ಪುತ್ತದೆ.

2020ರ ಆವೃತ್ತಿಯಲ್ಲಿ ಬಂದ ಬ್ಲಾಕ್ಸ್ ಪ್ಯಾಲೆಟ್ ನೋಡಲು ಚೆಂದ, ಫೋಲ್ಡರ್ ತೋರಿಸಿದರೆ ಸಾಕು, ಚಿತ್ರಸಮೇತ ಪಟ್ಟಿ ಬರುತ್ತದೆ. ಹುಡುಕಲು ಅದು, ದಿನದ ಕೆಲಸಕ್ಕೆ ಟೂಲ್ ಪ್ಯಾಲೆಟ್. ಇದು ನನ್ನ ಅಭ್ಯಾಸ.

ಇನ್ನು ಕಳೆದ ಆ ಒಂದು ಅಂಕ. ಲೈಬ್ರರಿಯಲ್ಲಿ ಬಾಗಿಲಿನ ಚಿಹ್ನೆ ತಿದ್ದಿದರೆ ಹಳೆಯ ಡ್ರಾಯಿಂಗ್‌ಗಳಿಗೆ ಅದು ತಲುಪುವುದಿಲ್ಲ. ಬೇರೆ ಫೈಲ್‌ಗಳ ಬ್ಲಾಕ್‌ಗಳನ್ನು ತೋರಿಸುವ ಡಿಸೈನ್ ಸೆಂಟರ್‌ನಿಂದ ಅದೇ ಹೆಸರಿನ ಬ್ಲಾಕ್ ಎಳೆದು ತಂದರೂ ಡ್ರಾಯಿಂಗ್‌ನಲ್ಲಿದ್ದ ಹಳೆಯದೇ ಬೀಳುತ್ತದೆ. ಆದೇಶ ಬರೆಯುವ ಕಮಾಂಡ್ ಲೈನ್‌ನಲ್ಲಿ ಎಚ್ಚರಿಕೆಯ ಒಂದು ಸಾಲು ಬಂದುಹೋಗುತ್ತದೆ, ಯಾರು ಓದುತ್ತಾರೆ? ಡಿಸೈನ್ ಸೆಂಟರ್‌ನಲ್ಲೇ ಆ ಬ್ಲಾಕ್ ಮೇಲೆ ರೈಟ್ ಕ್ಲಿಕ್ ಮಾಡಿ 'ರೀಡಿಫೈನ್' ಕೊಡಬೇಕು, ಅದೂ ಪ್ರತಿ ಡ್ರಾಯಿಂಗ್‌ನಲ್ಲಿ. 'ಡೋರ್1', 'ಹೊಸಡೋರ್' ಅಂತ ಹೆಸರಿಡುವ ಆಫೀಸುಗಳಲ್ಲಂತೂ ದೇವರೇ ಗತಿ. ಈಗ ನಾನು ಬಾಗಿಲಿಗೆ ಒಂದೇ ಡೈನಮಿಕ್ ಬ್ಲಾಕ್ (ಅಳತೆ ಬದಲಿಸಬಹುದಾದ ಬ್ಲಾಕ್) ಇಟ್ಟುಕೊಂಡಿದ್ದೇನೆ: ಎರಡೂವರೆ, ಮೂರು, ಮೂರೂವರೆ ಅಡಿ, ಮೂರೂ ಅದರೊಳಗೇ. ಮಾಡಲು ಒಂದು ಸಂಜೆ ಹಿಡಿಯುತ್ತದೆ, ಆಮೇಲೆ ಆರಾಮ.

ಎಸ್ಟಿಮೇಟ್ ಹಾಕುವವರಿಗೆ 2022ರಿಂದ ಇರುವ ಕೌಂಟ್ ಕಮಾಂಡ್ ಉಪಯೋಗಕ್ಕೆ ಬರುತ್ತದೆ. ಯಾವ ಬ್ಲಾಕ್ ಎಷ್ಟಿದೆ ಎಂದು ಪಟ್ಟಿ ಕೊಡುತ್ತದೆ, ಸ್ವಿಚ್ ಬೋರ್ಡ್‌ಗಳನ್ನು ಬೆರಳಿಟ್ಟು ಎಣಿಸಬೇಕಿಲ್ಲ. ಆದರೆ ಯಾರಾದರೂ ಬ್ಲಾಕನ್ನು ಎಕ್ಸ್‌ಪ್ಲೋಡ್ ಮಾಡಿಟ್ಟಿದ್ದರೆ ಅದು ಬರೀ ಗೆರೆಗಳ ಗುಂಪು, ಲೆಕ್ಕಕ್ಕೆ ಬರುವುದಿಲ್ಲ.