ಸ್ಲೀಪ್ ಆಪ್ನಿಯಾ ಇದ್ದು ಟಮ್ಮಿ ಟಕ್ ಮಾಡಿಸಿಕೊಳ್ಳುವವರಿಗೆ

ಹೊಟ್ಟೆ ಚಪ್ಪಟೆ ಮಾಡುವ ಸರ್ಜರಿಗೆ ಅಡ್ವಾನ್ಸ್ ಕಟ್ಟುವ ಮುಂಚೆ ಕ್ಲಿನಿಕ್‌ನವರನ್ನು ಇದೊಂದು ಮಾತು ಕೇಳಿ: ಆಪರೇಷನ್ ಆದ ರಾತ್ರಿ ನನ್ನ ಉಸಿರನ್ನು ಯಾರು ನೋಡಿಕೊಳ್ಳುತ್ತಾರೆ? ನಿಮಗೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ಕಾಯಿಲೆ, ಇದ್ದರಂತೂ ಕೇಳಲೇಬೇಕು. ಇದಕ್ಕೆ ಉತ್ತರವೇ ಇಲ್ಲದ ಜಾಗದಲ್ಲಿ ನನ್ನ ಅಕ್ಕ ಮಲಗಿದ್ದಳು. ಪಕ್ಕದಲ್ಲಿ ಅಟೆಂಡರ್ ಆಗಿ ನಾನಿದ್ದೆ.

ಅಕ್ಕನಿಗೆ ಎರಡು ಸಿಸೇರಿಯನ್ ಆಗಿವೆ. ಹೊಟ್ಟೆಯ ಸ್ನಾಯು ನಡುವೆ ಬಿಟ್ಟುಕೊಂಡು, ಚರ್ಮ ಜೋತುಬಿದ್ದಿತ್ತು. ವಾಕಿಂಗ್, ಡಯಟ್ ಯಾವುದಕ್ಕೂ ಅದು ಜಗ್ಗಲಿಲ್ಲ. 'ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ' ಅನ್ನುವವರು ದಯವಿಟ್ಟು ಬೇರೆ ಕಡೆ ಹೋಗಿ. ಅವಳ ಹೊಟ್ಟೆ, ಅವಳ ದುಡ್ಡು. ಅವಳಿಗೆ ಆಪ್ನಿಯಾ ಇರುವುದು ಸ್ಲೀಪ್ ಸ್ಟಡಿಯಲ್ಲಿ ಮೊದಲೇ ಗೊತ್ತಾಗಿತ್ತು. ನಿದ್ದೆಯಲ್ಲಿ ಗಂಟೆಗೆ 30ಕ್ಕಿಂತ ಜಾಸ್ತಿ ಸಲ ಉಸಿರು ನಿಂತರೆ ಅಥವಾ ಕುಗ್ಗಿದರೆ ಅದನ್ನು ತೀವ್ರ ಅನ್ನುತ್ತಾರೆ. ಅಕ್ಕ ಆ ಗುಂಪಿನವಳು. ದಿನಾ ರಾತ್ರಿ ಮಾಸ್ಕ್‌ನಿಂದ ಗಾಳಿ ಕೊಡುವ ಸಿಪ್ಯಾಪ್ ಮಷೀನ್ ಹಾಕಿಕೊಂಡೇ ಮಲಗುತ್ತಾಳೆ.

ಇದನ್ನೆಲ್ಲ ಅವಳು ಕ್ಲಿನಿಕ್‌ನಲ್ಲಿ ಬಾಯಿಬಿಟ್ಟು ಹೇಳಿದಳು. ಅಲ್ಲಿನ ಫಾರಂನಲ್ಲಿ ಬಿಪಿ, ಶುಗರ್, ಥೈರಾಯ್ಡ್, ಆಸ್ತಮಾಕ್ಕೆ ಜಾಗ ಇತ್ತು, ಗೊರಕೆಗೆ ಇರಲಿಲ್ಲ. 'ಅದು ನಿದ್ದೆ ಪ್ರಾಬ್ಲಂ ಮೇಡಂ, ಸರ್ಜರಿಗೆ ಸಂಬಂಧ ಇಲ್ಲ' ಅಂದರು ಸರ್ಜನ್. ಮಷೀನ್ ತರಬೇಕಾ ಅಂತ ಕೇಳಿದ್ದಕ್ಕೆ ಕೌನ್ಸೆಲರ್ ಹುಡುಗಿ, 'ಬೇಡ, ನಮ್ಮಲ್ಲಿ ಆಕ್ಸಿಜನ್ ಇದೆ' ಅಂದಳು. ಅರಿವಳಿಕೆ ಡಾಕ್ಟರ್ ಮುಖ ನಾವು ನೋಡಿದ್ದು ಓಟಿ ಬಾಗಿಲಲ್ಲೇ. ಬೇರೆ ಆಸ್ಪತ್ರೆಯಿಂದ ಬಂದವರು, ಕೇಸ್ ಮುಗಿಸಿ ಹೊರಟೂ ಹೋದರು.

ಆಕ್ಸಿಜನ್ ಬೇರೆ, ಸಿಪ್ಯಾಪ್ ಬೇರೆ. ಆಪ್ನಿಯಾದಲ್ಲಿ ಗಂಟಲಿನ ದಾರಿಯೇ ಮುಚ್ಚಿಕೊಳ್ಳುತ್ತದೆ. ಸಿಪ್ಯಾಪ್ ಗಾಳಿಯ ಒತ್ತಡದಿಂದ ಆ ದಾರಿ ತೆರೆದಿಡುತ್ತದೆ. ಮೂಗಿಗೆ ಇಟ್ಟ ಆಕ್ಸಿಜನ್ ಪೈಪಿಗೆ ಆ ಶಕ್ತಿ ಇಲ್ಲ. ಅದರಿಂದ ಇನ್ನೊಂದು ಮೋಸವೂ ಆಗುತ್ತದೆ. ಉಸಿರು ಸರಿಯಾಗಿ ಆಡದೆ ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಿದ್ದರೂ ಬೆರಳಿಗೆ ಹಾಕಿದ ಆಕ್ಸಿಜನ್ ಮೀಟರ್ 97, 98 ಅಂತ ತೋರಿಸುತ್ತಾ ಇರಬಹುದು.

ಅಕ್ಕನಿಗೆ ಆಗಿದ್ದೂ ಅದೇ. ಸಂಜೆಯೆಲ್ಲ ನಂಬರ್ ಚೆನ್ನಾಗಿತ್ತು. ನೋವು ಅಂತ ನರಳಿದಾಗ ಟ್ರಮಡಾಲ್ ಕೊಟ್ಟರು. ಒದ್ದಾಡುತ್ತಿದ್ದಾಳೆ ಅಂತ ಅದರ ಮೇಲೆ ನಿದ್ದೆ ಬರಲು ಮಿಡಜೋಲಾಂ. ರಾತ್ರಿ 'ಸ್ಯಾಚುರೇಷನ್ ಸೂಪರ್ ಇದೆ' ಅಂತ ಆಕ್ಸಿಜನ್ ತೆಗೆದರು. ಅಂಗಾತ ಮಲಗಿಸಿದ್ದರು, ಹೊಟ್ಟೆಗೆ ಬಿಗಿಯಾದ ಬೆಲ್ಟ್. ದೊಡ್ಡ ಗೊರಕೆ ಶುರುವಾಯಿತು. ಆಮೇಲೆ ಸದ್ದೇ ಇಲ್ಲ. ಗೊರಕೆ ನಿಂತಾಗ ಎದೆ ನೋಡಬೇಕು ಅನ್ನುವುದು ನಮ್ಮ ಮನೆಯವರಿಗೆಲ್ಲ ಗೊತ್ತು. ಎದೆ ಎಳೆಯುತ್ತಿತ್ತು, ಗಾಳಿ ಹೋಗುತ್ತಿರಲಿಲ್ಲ. ಅಲಾರಂ ಹೊಡೆದಾಗ ನರ್ಸ್ ಬಂದು ಕ್ಲಿಪ್ ಸರಿಮಾಡಿ, ಸದ್ದು ಆಫ್ ಮಾಡಿ ಹೋದರು. ಮತ್ತೆ ನೋಡಿದರೆ ಸ್ಯಾಚುರೇಷನ್ 70ರ ಆಸುಪಾಸು. ತುಟಿ ಕಪ್ಪಾಗಿತ್ತು. ಅಲುಗಾಡಿಸಿ ಕೂಗಿದರೂ ಏಳಲಿಲ್ಲ. ನಾನು ಕಾರಿಡಾರ್‌ನಲ್ಲಿ ಕಿರುಚಿದ ಮೇಲೆ ಡ್ಯೂಟಿ ಡಾಕ್ಟರ್ ಬಂದು, ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಹಿಡಿದರು. ಐಸಿಯು ಇಲ್ಲ, ವೆಂಟಿಲೇಟರ್ ಇಲ್ಲ. ಆಂಬುಲೆನ್ಸ್ ಬರುವ ತನಕ ಕೈಯಲ್ಲೇ ಒತ್ತುತ್ತಾ ನಿಂತರು. ಪಾಪ, ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ.

ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಬೈಪ್ಯಾಪ್ ಹಾಕಿದರು, ಮಾಸ್ಕ್‌ನಿಂದಲೇ ಉಸಿರಾಟಕ್ಕೆ ಆಸರೆ ಕೊಡುವ ಮಷೀನ್ ಅದು. ಅಲ್ಲಿನ ಡಾಕ್ಟರ್ ಬಿಡಿಸಿ ಹೇಳಿದರು. ಟಮ್ಮಿ ಟಕ್‌ನಲ್ಲಿ ಚರ್ಮ ಕತ್ತರಿಸುವುದು ಮಾತ್ರ ಅಲ್ಲ, ಸಡಿಲವಾದ ಹೊಟ್ಟೆಯ ಸ್ನಾಯುವನ್ನು ಸೀರೆಯ ನೆರಿಗೆ ಹಿಡಿದ ಹಾಗೆ ಮಡಚಿ ಹೊಲಿಯುತ್ತಾರೆ. ಹೊಟ್ಟೆಯೊಳಗೆ ಒತ್ತಡ ಏರಿ, ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆ ಮೇಲಕ್ಕೆ ಸರಿದು, ಶ್ವಾಸಕೋಶಕ್ಕೆ ಜಾಗ ಕಮ್ಮಿಯಾಗುತ್ತದೆ. ನೋವಿಗೆ ಆಳವಾಗಿ ಉಸಿರೆಳೆಯಲೂ ಆಗುವುದಿಲ್ಲ. ಟ್ರಮಡಾಲ್‌ನಂಥ ಒಪಿಯಾಯ್ಡ್ ಜಾತಿಯ ನೋವಿನ ಔಷಧಿ ಮತ್ತು ನಿದ್ದೆಯ ಔಷಧಿ ಎರಡೂ ಸೇರಿದರೆ, ಆಪ್ನಿಯಾ ಇರುವವರನ್ನು ಉಸಿರು ಕಟ್ಟಿದಾಗ ತಟ್ಟಿ ಎಬ್ಬಿಸುವ ಮೆದುಳೇ ಮಂಕಾಗುತ್ತದೆ. ಮೊದಲ ರಾತ್ರಿ ದಾಟಿದರೆ ಮುಗಿಯಿತು ಅಂತಲೂ ಅಲ್ಲ. ಸರ್ಜರಿ ಆದಮೇಲೆ ಕೆಟ್ಟುಹೋದ ಕನಸಿನ ನಿದ್ದೆ ಎರಡನೇ, ಮೂರನೇ ರಾತ್ರಿ ದುಪ್ಪಟ್ಟಾಗಿ ವಾಪಸ್ ಬರಬಹುದು. ಗಂಟಲು ತುಂಬಾ ಸಡಿಲವಾಗುವುದು ಆಗಲೇ. 'ಸಂಜೆಗೇ ಮನೆಗೆ' ಅನ್ನುವ ಪ್ಯಾಕೇಜ್‌ಗಳಲ್ಲಿ ಪೇಷೆಂಟ್ ಆ ಹೊತ್ತಿಗೆ ಮನೆಯಲ್ಲಿರುತ್ತಾರೆ.

ಹಾಗಂತ ಆಪ್ನಿಯಾ ಇದ್ದವರು ಈ ಸರ್ಜರಿ ಮಾಡಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಐಸಿಯು ಡಾಕ್ಟರೂ ಹೇಳಲಿಲ್ಲ. ಅರಿವಳಿಕೆ ಡಾಕ್ಟರ್ ಮುಂಚೆಯೇ ಭೇಟಿ ಮಾಡಿ ಸ್ಲೀಪ್ ಸ್ಟಡಿ ರಿಪೋರ್ಟ್ ನೋಡಬೇಕು. ಸರ್ಜರಿಗೆ ಮುಂಚಿನ ವಾರಗಳಲ್ಲಿ ಸಿಪ್ಯಾಪ್ ತಪ್ಪಿಸಬಾರದು, ಆಸ್ಪತ್ರೆಗೂ ನಿಮ್ಮದೇ ಮಾಸ್ಕ್ ಒಯ್ಯಬೇಕು. ನೋವಿಗೆ ಹೊಟ್ಟೆಯ ಗೋಡೆಗೆ ಕೊಡುವ, ನರ ಮರಗಟ್ಟಿಸುವ ಬ್ಲಾಕ್ ಇಂಜೆಕ್ಷನ್, ಪ್ಯಾರಾಸಿಟಮಾಲ್ ಇಂಥವನ್ನು ಮೊದಲು ಬಳಸಿ, ಒಪಿಯಾಯ್ಡ್ ಆದಷ್ಟು ಕಮ್ಮಿ ಮಾಡಬೇಕು. ತಲೆ ಕಡೆ ಎತ್ತರಿಸಿ, ಮಂಡಿ ಮಡಚಿ ಮಲಗಿಸಬೇಕು. ಅದು ಹೊಲಿಗೆಗೂ ಒಳ್ಳೆಯದು, ಉಸಿರಿಗೂ ಒಳ್ಳೆಯದು. ರಾತ್ರಿಯಿಡೀ ಮಾನಿಟರ್ ಇರಬೇಕು, ಅದು ಕೂಗಿದರೆ ಓಡಿಬರುವ ಜನ ಇರಬೇಕು. ಅದೇ ಕಟ್ಟಡದಲ್ಲಿ ಐಸಿಯು ಇದ್ದರೆ ವಾಸಿ.

ಟೆಸ್ಟ್ ಮಾಡಿಸದೆ ಸುಮ್ನೆ ಗೊರಕೆ ಅಂದುಕೊಂಡವರೇ ಜಾಸ್ತಿ ಅಲ್ವಾ? ಅವರಿಗೆ ಸ್ಟಾಪ್-ಬ್ಯಾಂಗ್ ಅಂತ ಎಂಟು ಪ್ರಶ್ನೆಗಳಿವೆ. 2008ರಲ್ಲಿ ಟೊರಾಂಟೊದ ಅರಿವಳಿಕೆ ವೈದ್ಯರು ಮಾಡಿದ್ದು. ಜೋರು ಗೊರಕೆ, ಹಗಲು ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ಕಂಡಿದ್ದು, ಬಿಪಿ, 35 ದಾಟಿದ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ), 50 ದಾಟಿದ ವಯಸ್ಸು, ದಪ್ಪ ಕುತ್ತಿಗೆ, ಗಂಡಸು. ಮೂರಕ್ಕೆ ಹೌದು ಅಂದರೆ ಅನುಮಾನ, ಐದು ಅಥವಾ ಅದಕ್ಕಿಂತ ಜಾಸ್ತಿಗೆ ಹೌದು ಅಂದರೆ ಅಪಾಯ ಹೆಚ್ಚು. ಎರಡು ನಿಮಿಷದ ಕೆಲಸ. ಜೋತುಬಿದ್ದ ಹೊಟ್ಟೆ ಸರಿಮಾಡಿಸಿದರೆ ಗೊರಕೆಯೂ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಟಮ್ಮಿ ಟಕ್ ತೂಕ ಇಳಿಸುವ ಸರ್ಜರಿ ಅಲ್ಲ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ ಕಿರುತೆರೆ ನಟಿಯೊಬ್ಬರು ತೀರಿಕೊಂಡಿದ್ದು ನೆನಪಿರಬಹುದು. ಆ ಪ್ರಕರಣವೇ ಬೇರೆ. ಆದರೆ ಅವರನ್ನೂ ಕೊನೆ ಗಳಿಗೆಯಲ್ಲಿ ಕ್ಲಿನಿಕ್‌ನಿಂದ ಬೇರೆ ಆಸ್ಪತ್ರೆಗೆ ಸಾಗಿಸಿದ್ದರು.

ಅಕ್ಕ ಈಗ ಆರಾಮಾಗಿದ್ದಾಳೆ. ಕಾಸ್ಮೆಟಿಕ್ ಸರ್ಜರಿಗೆ ಇನ್ಶೂರೆನ್ಸ್ ಬರುವುದಿಲ್ಲ, ನಮಗೆ ಐಸಿಯು ಬಿಲ್ಲೂ ಕೈಯಿಂದಲೇ ಹೋಯಿತು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ನೀತಿ ನಿಯಮದಲ್ಲಿದೆ. ಅದನ್ನು ಬರೆದು ಕೊಟ್ಟ ಮೇಲೆ ಕ್ಲಿನಿಕ್‌ನವರು ಕೇಸ್ ಶೀಟ್ ಕೊಟ್ಟರು. ಔಷಧಿಗಳ ಹೆಸರು, ಹೊತ್ತು ಎಲ್ಲ ಅದರಲ್ಲಿದೆ. ಆಪ್ನಿಯಾ ಅನ್ನುವ ಪದ ಎಲ್ಲೂ ಇಲ್ಲ. ಆ ರಾತ್ರಿಯ ಬಗ್ಗೆ ಬರೆದಿರುವುದು ಇಷ್ಟೇ: 'ಮನೆಯವರ ಕೋರಿಕೆಯಂತೆ ಬೇರೆ ಆಸ್ಪತ್ರೆಗೆ ಕಳಿಸಲಾಗಿದೆ.' ಅದರ ಜೆರಾಕ್ಸ್ ಲಗತ್ತಿಸಿ, ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ನೋಡುವ ಜಿಲ್ಲಾ ಪ್ರಾಧಿಕಾರಕ್ಕೆ ಕೊಟ್ಟಿದ್ದೇವೆ.