ಹರಿಕೇನ್ ಸೀಸನ್‌ಗೆ ನಾನು ನೋಡೋದು ಇದೊಂದೇ ಸೈಟ್: ನ್ಯಾಷನಲ್ ಹರಿಕೇನ್ ಸೆಂಟರ್ ರಿವ್ಯೂ (5ಕ್ಕೆ 5)

ಫ್ಲೋರಿಡಾದ ಟ್ಯಾಂಪಾಗೆ ಹೊಸದಾಗಿ ಬಂದ ನಮ್ಮ ಕನ್ನಡದವ್ರು ಜೂನ್ ಬಂತು ಅಂದ್ರೆ ಕೇಳೋದು ಒಂದೇ, ಹರಿಕೇನ್‌ಗೆ (ಸಮುದ್ರದಿಂದ ಬರೋ ದೊಡ್ಡ ಬಿರುಗಾಳಿಗೆ) ಯಾವ ಆ್ಯಪ್ ಹಾಕ್ಕೊಳ್ಳೋದು ಅಂತ. ಯಾವ ಆ್ಯಪೂ ಬೇಡ, ದುಡ್ಡೂ ಕೊಡಬೇಡಿ, ಮಯಾಮಿಲಿರೋ ನ್ಯಾಷನಲ್ ಹರಿಕೇನ್ ಸೆಂಟರ್‌ದು (ಎನ್‌ಎಚ್‌ಸಿ) ಫ್ರೀ ಸೈಟ್ ಇದೆ, ಅದೇ ಸಾಕು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ನಾವು ಇದನ್ನ ತುಂಬಾ ಕಷ್ಟಪಟ್ಟು ಕಲಿತಿದ್ದು.

2017ರಲ್ಲಿ ಇರ್ಮಾ ಅನ್ನೋ ಹರಿಕೇನ್ ಬಂದಾಗ ನಾವು ಈ ಊರಿಗೆ ಬಂದು ಬರೀ ಎರಡು ತಿಂಗಳು, ಮಗಳಿಗೆ ಒಂದೂವರೆ ವರ್ಷ. ಬೆಳಗ್ಗಿಂದ ರಾತ್ರಿವರೆಗೂ ಟಿವಿ ಹಾಕಿಟ್ಟಿದ್ವಿ, ಕೆಳಗೆ ಕೆಂಪು ಪಟ್ಟಿ ಓಡ್ತಾ ಇರೋದು, ಮೂಲೆಲಿ ಕೌಂಟ್‌ಡೌನ್, ಅದು ಸಾಲದು ಅಂತ ದುಡ್ಡು ಕೊಟ್ಟು ಒಂದು ಆ್ಯಪ್ ಬೇರೆ. ರಾತ್ರಿ ಎರಡು ಗಂಟೆಗೆ ಸೈರನ್ ತರ ಕೂಗೋದು, ಗಾಬರಿಯಿಂದ ಎದ್ದು ನೋಡಿದ್ರೆ ಹೊಸದೇನೂ ಇಲ್ಲ, ಸಂಜೆ ಹೇಳಿದ್ದಕ್ಕೇ ಬೇರೆ ಹೆಡ್‌ಲೈನ್. ಕೊನೆಗೆ ತಡಕೊಳ್ಳೋಕಾಗ್ದೆ ಕಾರ್ ಹತ್ತಿ ಅಟ್ಲಾಂಟಾ ಕಡೆ ಹೊರಟ್ವಿ. ಏಳು ಗಂಟೆ ದಾರಿಗೆ ಹತ್ತೊಂಬತ್ತು ಗಂಟೆ ಆಯ್ತು, ಗ್ಯಾಸ್ ಸ್ಟೇಷನ್‌ಗಳಲ್ಲಿ ಪಂಪ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿಟ್ಟಿದ್ರು, ಮಗು ದಾರಿ ಪೂರ್ತಿ ವಾಂತಿ. ವಾಪಸ್ ಬಂದ್ಮೇಲೆ ಆಫೀಸಲ್ಲಿ ಒಬ್ರು ಕೇಳಿದ್ರು, ನಿಮ್ದು ಯಾವ ಝೋನ್ ಅಂತ. ನೋಡಿದ್ರೆ ನಮ್ಮ ಮನೆ ಕೌಂಟಿಯವ್ರ ಎ ಇಂದ ಇ ವರೆಗಿನ ಯಾವ ಎವ್ಯಾಕ್ಯುಯೇಶನ್ ಝೋನಲ್ಲೂ (ಮನೆ ಖಾಲಿ ಮಾಡಿ ಅಂತ ಹೇಳೋ ಏರಿಯಾ) ಇಲ್ಲ, ಅಂದ್ರೆ ನಾವು ಹೋಗ್ಬೇಕಾಗೇ ಇರ್ಲಿಲ್ಲ! ಐದು ದಿನ ಕಣ್ಣು ಬಿಟ್ಕೊಂಡು ಟಿವಿ ನೋಡಿದ್ರೂ ಇದೊಂದು ವಿಷಯ ನಮ್ಮ ತಲೆಗೆ ಹೋಗಿರ್ಲಿಲ್ಲ.

ಎನ್‌ಎಚ್‌ಸಿ ಹಾಗಲ್ಲ. ದಿನಕ್ಕೆ ನಾಲ್ಕೇ ಸಲ ಅಡ್ವೈಸರಿ (ಬಿರುಗಾಳಿ ಬಗ್ಗೆ ಪ್ರಕಟಣೆ), 5 ಗಂಟೆಗೆ, 11 ಗಂಟೆಗೆ, ಬೆಳಗ್ಗೆ ರಾತ್ರಿ ಎರಡೂ ಹೊತ್ತು. ದಡ ಹತ್ರ ಬಂದು ವಾರ್ನಿಂಗ್ ಹಾಕಿದ್ಮೇಲೆ ಮಧ್ಯದಲ್ಲಿ ಇನ್ನೊಂದೊಂದು. ನಡುವೆ ಫೋನ್ ಕೆಳಗಿಟ್ಟು ಅಡುಗೆ ಮಾಡ್ಬಹುದು, ನಿದ್ದೆ ಮಾಡ್ಬಹುದು. ಟಿವಿಯವ್ರು ತೋರಿಸೋ ಆ ಬಿಳಿ ಕೋನ್ ಇವ್ರದ್ದೇ, ಆದ್ರೆ ಅದರ ಅರ್ಥ ಯಾರೂ ನೆಟ್ಟಗೆ ಹೇಳಲ್ಲ. ಅದು ಬಿರುಗಾಳಿ ಎಷ್ಟು ಅಗಲ ಅನ್ನೋ ಚಿತ್ರ ಅಲ್ಲ, ಅದರ ಮಧ್ಯಭಾಗ ಎಲ್ಲೆಲ್ಲಿ ಹೋಗ್ಬಹುದು ಅನ್ನೋ ಅಂದಾಜು, ಅದೂ ಮೂರರಲ್ಲಿ ಎರಡು ಸಲ ಮಾತ್ರ ಅದರೊಳಗೆ ಇರತ್ತೆ. 1ರಿಂದ 5ರವರೆಗಿನ ಕ್ಯಾಟಗರಿ ನಂಬರ್ ಕೂಡ ಬರೀ ಗಾಳಿ ವೇಗದ್ದು, ನೀರಿನ ಲೆಕ್ಕ ಅದರಲ್ಲಿಲ್ಲ.

ಇದು ಎಷ್ಟು ಮುಖ್ಯ ಅಂತ 2024ರ ಸೆಪ್ಟೆಂಬರಲ್ಲಿ ಹೆಲೀನ್ ಹರಿಕೇನ್ ಬಂದಾಗ ಕಣ್ಣಾರೆ ನೋಡ್ದೆ. ಅದು ದಡ ಮುಟ್ಟಿದ್ದು ಪೆರಿ ಹತ್ರ, ನಮ್ಮಿಂದ ನೂರು ಮೈಲಿಗೂ ಹೆಚ್ಚು ಉತ್ತರಕ್ಕೆ. ಸೇಂಟ್ ಪೀಟರ್ಸ್‌ಬರ್ಗಲ್ಲಿ (ರಷ್ಯಾದ್ದಲ್ಲ, ನಮ್ಮ ಪಕ್ಕದ ಊರು) ಝೋನ್ ಎ ಒಳಗಿರೋ ನಮ್ಮ ಫ್ರೆಂಡ್ ಮನೆಯವ್ರು ಕೋನ್ ನೋಡಿ "ನಮ್ಗೇನಿಲ್ಲ ಬಿಡಿ" ಅಂದಿದ್ರು. ಎನ್‌ಎಚ್‌ಸಿಯ ಸ್ಟಾರ್ಮ್ ಸರ್ಜ್ (ಗಾಳಿ ದಡಕ್ಕೆ ತಳ್ಳೋ ಸಮುದ್ರದ ನೀರು) ಮ್ಯಾಪಲ್ಲಿ ಟ್ಯಾಂಪಾ ಬೇಗೆ (ನಮ್ಮ ಕೊಲ್ಲಿಗೆ) 5ರಿಂದ 8 ಅಡಿ ಅಂತ ಇತ್ತು. ನಾನು ಅದನ್ನ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ, ಫೋನೂ ಮಾಡಿ ಸಂಜೆ ಒಳಗೆ ನಮ್ಮನೆಗೆ ಕರೆಸ್ಕೊಂಡೆ. ಮಾರನೇ ದಿನ ಅವ್ರ ಜೊತೆ ಹೋಗಿ ಬಾಗಿಲು ತೆಗೆದ್ರೆ ದೇವರಮನೆ ಕೆಳಗಿನ ಶೆಲ್ಫ್‌ವರೆಗೂ ಕೆಸರಿನ ಗೆರೆ, ಫ್ರಿಜ್ ಅಡ್ಡ ಬಿದ್ದಿತ್ತು, ಉಪ್ಪುನೀರಿನ ವಾಸನೆ. ಬೇನಲ್ಲಿ ನೀರು ಆರಡಿಗೂ ಮೇಲೆ ಏರಿತ್ತು.

ಎರಡೇ ವಾರಕ್ಕೆ ಮಿಲ್ಟನ್ ಅನ್ನೋ ಇನ್ನೊಂದು ಹರಿಕೇನ್. ಸಮುದ್ರದಲ್ಲಿ ಗಂಟೆಗೆ 180 ಮೈಲಿ ಗಾಳಿ, ಭಯ ಬೀಳೋದು ನ್ಯಾಯವೇ. ಟ್ಯಾಂಪಾ ಮೇಯರ್ ಜೇನ್ ಕ್ಯಾಸ್ಟರ್ ಟಿವಿಲಿ ಎವ್ಯಾಕ್ಯುಯೇಶನ್ ಏರಿಯಾಗಳಲ್ಲಿ ಉಳ್ಕೊಂಡ್ರೆ ಸಾಯ್ತೀರಿ ಅಂತ ನೇರವಾಗಿ ಹೇಳಿದ್ರು. ಮೈಸೂರಲ್ಲಿರೋ ಅಮ್ಮಂಗೆ ವಾಟ್ಸ್ಆ್ಯಪಲ್ಲಿ ಅದು ತಲುಪೋ ಹೊತ್ತಿಗೆ ಏರಿಯಾ ಅನ್ನೋ ಮಾತೇ ಬಿದ್ದೋಗಿತ್ತು, ಟ್ಯಾಂಪಾದಲ್ಲಿ ಉಳಿದವ್ರೆಲ್ಲ ಸಾಯ್ತಾರೆ ಅಂತ ಆಗಿತ್ತು. ಅವ್ರು ಎರಡು ದಿನ ಊಟ ಬಿಟ್ಟು ಫೋನ್ ಹಿಡ್ಕೊಂಡು ಕೂತಿದ್ರಂತೆ, ಇದನ್ನ ನೆನೆಸ್ಕೊಂಡ್ರೆ ಈಗ್ಲೂ ನಂಗೆ ಸಿಟ್ಟು ಬರತ್ತೆ.

ಅಕ್ಟೋಬರ್ 9ರ ರಾತ್ರಿ ಅದು ದಡ ಮುಟ್ಟಿದ್ದು ದಕ್ಷಿಣದ ಸಿಯೆಸ್ಟಾ ಕೀನಲ್ಲಿ. ಸುಳಿ ಗಡಿಯಾರದ ಮುಳ್ಳಿಗೆ ಉಲ್ಟಾ ಸುತ್ತೋದ್ರಿಂದ ಉತ್ತರದಲ್ಲಿದ್ದ ನಮ್ಮ ಬೇ ನೀರನ್ನ ಗಾಳಿ ಸಮುದ್ರದ ಕಡೆ ತಳ್ತು. ಆಮೇಲೆ ಎಷ್ಟೋ ಜನ "ಎಲ್ಲಾ ಬರೀ ಹೈಪ್" ಅಂದ್ರು, ದಯವಿಟ್ಟು ಹಾಗನ್ಬೇಡಿ. ಸೇಂಟ್ ಪೀಟರ್ಸ್‌ಬರ್ಗಲ್ಲಿ 18 ಇಂಚಿಗೂ ಹೆಚ್ಚು ಮಳೆ ಆಯ್ತು, ಆ ಕಡೆ ಪೂರ್ವ ಕರಾವಳಿಯ ಸೇಂಟ್ ಲೂಸಿ ಕೌಂಟಿಲಿ ಸುಂಟರಗಾಳಿಗೆ ಜನ ಸತ್ರು.

ಕೊರತೆನೂ ಇದೆ. ಸೈಟ್ ನೋಡೋಕೆ ಹಳೇ ಕಾಲದ್ದು, ಹೊಸಬ್ರಿಗೆ ಎಲ್ಲಿ ಒತ್ತಬೇಕು ಅಂತ ಗೊತ್ತಾಗಲ್ಲ. ನಿಮ್ಮ ಬೀದಿಗೆ ಯಾವ ಝೋನ್ ಅಂತ ಅದು ಹೇಳಲ್ಲ, ಕೌಂಟಿ ಸೈಟಲ್ಲಿ ಅಡ್ರೆಸ್ ಹಾಕಿ ಈಗ್ಲೇ ನೋಡಿಟ್ಕೊಳ್ಳಿ. ಸರ್ಜ್ ಮ್ಯಾಪ್ ಬಿಟ್ರೆ ನಂಗೆ ತುಂಬಾ ಇಷ್ಟ 'ಫೋರ್‌ಕಾಸ್ಟ್ ಡಿಸ್ಕಷನ್' ಅನ್ನೋ ಪುಟ, ಬರೀ ಅಕ್ಷರ, ಕೆಳಗೆ ಬರೆದವ್ರ ಹೆಸರು, ಎಲ್ಲಿ ಡೌಟ್ ಇದೆಯೋ ಅಲ್ಲಿ ಡೌಟ್ ಇದೆ ಅಂತಾನೇ ಬರೀತಾರೆ.

ಈಗ ಅಮ್ಮಂಗೂ ಟೈಮ್ ಹೇಳ್ಕೊಟ್ಟಿದೀನಿ. ಇಲ್ಲಿ ಬೆಳಗ್ಗೆ 11ರ ಅಡ್ವೈಸರಿ ಅಂದ್ರೆ ಮೈಸೂರಲ್ಲಿ ರಾತ್ರಿ 8:30. ಓದ್ಕೊಂಡು ನಾನೇ ಫೋನ್ ಮಾಡ್ತೀನಿ, ಆಮೇಲೆ ಅವ್ರು ಊಟಕ್ಕೆ ಕೂರ್ತಾರೆ.