ಗಿಟ್‌ಹಬ್ ಆಕ್ಷನ್ಸ್: ಟೆಸ್ಟ್ ಅದಕ್ಕೆ ಬಿಡಿ, ಬಟನ್ ನೀವೇ ಒತ್ತಿ

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. ಟೀಮ್ ಅಂದ್ರೆ ನಾನು, ಇನ್ನೊಬ್ಬ ಹುಡುಗ. ಕೋಡ್ ಬರೆದ ಮೇಲಿನ ಟೆಸ್ಟ್, ಬಿಲ್ಡ್ (ಕೋಡನ್ನು ಓಡುವ ರೂಪಕ್ಕೆ ತರುವುದು), ಸರ್ವರಿಗೆ ಹಾಕುವುದು ಎಲ್ಲ ತಾನಾಗೇ ಆದರೆ ಯಾರಿಗೆ ಬೇಡ? ಅದಕ್ಕೇ ಗಿಟ್‌ಹಬ್ ಆಕ್ಷನ್ಸ್ ಬಳಸುತ್ತಿದ್ದೇನೆ, ಅಂದ್ರೆ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲೇ ಇಂಥ ಕೆಲಸಗಳನ್ನು ತಾನಾಗೇ ಓಡಿಸುವ ಸೌಲಭ್ಯ. ಚೆನ್ನಾಗಿದೆ. ಆದರೆ ಪೂರ್ತಿ ಅದರ ಕೈಗೇ ಬಿಟ್ಟಿಲ್ಲ.

ಟೆಸ್ಟ್ ವಿಷಯದಲ್ಲಿ ಮಾತ್ರ ಅರ್ಧಂಬರ್ಧ ಬೇಡ, ಪೂರ್ತಿ ಆಟೊಮ್ಯಾಟಿಕ್ ಮಾಡಿ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂತು. ಅದೂ 25 ಕೆಜಿವರೆಗಿನ ಚೀಲಕ್ಕೆ ಮಾತ್ರ. ಅಂಗಡಿಗಳಲ್ಲಿ 26 ಕೆಜಿ ಚೀಲ ಯಾಕೆ ಬಂತು ಅಂತ ಈಗ ಗೊತ್ತಾಯ್ತಲ್ವಾ! ಕೋಡಿನಲ್ಲಿ ಇದು ಒಂದೇ ಸಾಲು. ‘25 ಅಥವಾ ಅದಕ್ಕಿಂತ ಕಡಿಮೆ’ ಅಂತ ಇರಬೇಕಾದ ಕಡೆ ‘25ಕ್ಕಿಂತ ಕಡಿಮೆ’ ಅಂತ ಬಿದ್ದರೆ, ಸರಿಯಾಗಿ 25 ಕೆಜಿ ಚೀಲದ ತೆರಿಗೆ ಸೊನ್ನೆ. ಲೋಡ್‌ಗಟ್ಟಲೆ ಬಿಲ್ ತಪ್ಪು. ಹಾಗಾಗಿ 10, 25, 26 ಕೆಜಿಗೆ ಒಂದೊಂದು ಟೆಸ್ಟ್ ಇಟ್ಟಿದ್ದೇವೆ. ಕೋಡನ್ನು ಗಿಟ್‌ಹಬ್‌ಗೆ ಕಳಿಸಿದ (ಪುಶ್ ಮಾಡಿದ) ಕೂಡಲೇ ಓಡುತ್ತವೆ, ಒಂದು ತಪ್ಪಿದರೂ ಕೆಂಪು ಗುರುತು. ಸಂಜೆ ಆರರ ಮೇಲೆ ಇದನ್ನೆಲ್ಲ ಕೂತು ನೋಡುವ ಮನುಷ್ಯ ನಾನಂತೂ ಅಲ್ಲ.

ಖರ್ಚಿನ ಮಾತು: ಉಚಿತ ಪ್ಲಾನಿನಲ್ಲಿ ಖಾಸಗಿ ರೆಪೊಸಿಟರಿಗಳಿಗೆ (ಹೊರಗಿನವರಿಗೆ ಕಾಣದ ಕೋಡ್ ಸಂಗ್ರಹಗಳಿಗೆ) ತಿಂಗಳಿಗೆ 2,000 ನಿಮಿಷ ಓಡಿಸಬಹುದು. ನಮ್ಮಂಥವರಿಗೆ ಸಾಕು.

ಇನ್ನು ಸರ್ವರಿಗೆ ಹಾಕುವುದು. ಟೆಸ್ಟ್ ಪಾಸಾದ ತಕ್ಷಣ ತಾನಾಗೇ ಹೋಗುವಂತೆ ಮಾಡಬಹುದು, ಈ ಹೆಜ್ಜೆಗಳನ್ನು ಬರೆದಿಡುವ ಯಾಮಲ್ (YAML) ಫೈಲಿನಲ್ಲಿ ನಾಲ್ಕಾರು ಸಾಲು ಜಾಸ್ತಿ ಅಷ್ಟೇ. ನಾನು ಮಾಡಿಲ್ಲ. ಸುಗ್ಗಿಯಲ್ಲಿ ಗಿರಣಿ ಮುಂದೆ ಲಾರಿಗಳು ಸಾಲಾಗಿ ನಿಂತಿರುತ್ತವೆ. ವೇಬ್ರಿಡ್ಜಿನಲ್ಲಿ ತೂಕ ಆಗಿ, ಬಿಲ್ ಪ್ರಿಂಟ್ ಕೈಗೆ ಬರುವವರೆಗೆ ಡ್ರೈವರ್ ಕದಲಲ್ಲ. ಆ ಹೊತ್ತಲ್ಲಿ ಸರ್ವರ್ ಅರ್ಧ ನಿಮಿಷ ರೀಸ್ಟಾರ್ಟ್ ಆದರೂ ಫೋನ್ ಮೇಲೆ ಫೋನ್. ಲಾರಿ ನಿಂತಿದೆಯೋ ಇಲ್ಲವೋ ಅನ್ನುವುದಕ್ಕೆ ಯಾವ ಟೆಸ್ಟ್ ಬರೆಯೋದು? ಗುಮಾಸ್ತರನ್ನೇ ಕೇಳಬೇಕು. ಮತ್ತೆ, ಕೋಡ್ ಕೆಟ್ಟರೆ ಹಳೇ ವರ್ಷನ್ ಹಾಕಿ ಸುಮ್ನಾಗಬಹುದು. ಡೇಟಾಬೇಸಿನಲ್ಲಿ ಒಂದು ಕಾಲಮ್ ತೆಗೆದುಬಿಟ್ಟರೆ ಹಾಗಲ್ಲ. ಬ್ಯಾಕಪ್ ತರಬೇಕು, ಬ್ಯಾಕಪ್ ಆದಮೇಲೆ ಬಂದ ಬಿಲ್‌ಗಳನ್ನು ಮತ್ತೆ ಸೇರಿಸಬೇಕು. ಅಂಥದ್ದು ನಡೆಯುವಾಗ ಒಬ್ಬರು ಎದುರಿಗೆ ಕೂತಿರಲೇಬೇಕು.

ಹೀಗೆ ನಾವೇ ಶುರುಮಾಡುವುದಕ್ಕೆ ‘ವರ್ಕ್‌ಫ್ಲೋ ಡಿಸ್ಪ್ಯಾಚ್’ (workflow_dispatch) ಅನ್ನುವ ಟ್ರಿಗರ್ ಇದೆ. ಸೇರಿಸಿದರೆ ಆಕ್ಷನ್ಸ್ ಟ್ಯಾಬಿನಲ್ಲಿ ‘ರನ್ ವರ್ಕ್‌ಫ್ಲೋ’ ಬಟನ್ ಬರುತ್ತದೆ. ಆ ಯಾಮಲ್ ಫೈಲ್ ಡಿಫಾಲ್ಟ್ ಬ್ರಾಂಚಿನಲ್ಲಿ (ಕೋಡಿನ ಮುಖ್ಯ ಕವಲಿನಲ್ಲಿ) ಇರಬೇಕು, ಇಲ್ಲಾಂದ್ರೆ ಬಟನ್ ಕಾಣಲ್ಲ. ಯಾವಾಗ ಒತ್ತಬೇಕು ಅನ್ನುವುದು ನಮ್ಮದು, ಒತ್ತಿದ ಮೇಲಿನ ಹೆಜ್ಜೆಗಳೆಲ್ಲ ಅದರದ್ದು. ‘ಒಬ್ಬರು ಒಪ್ಪಿದ ಮೇಲೇ ಮುಂದೆ’ ಅನ್ನುವ ಸೌಲಭ್ಯವೂ ಇದೆ, ಆದರೆ ಖಾಸಗಿ ರೆಪೊಸಿಟರಿಗೆ ಅದು ಎಂಟರ್‌ಪ್ರೈಸ್ ಪ್ಲಾನಿನ ಬಾಬತ್ತು. ಎದುರುಬದುರು ಕೂರುವ ಇಬ್ಬರಿಗೆ ಅದು ಯಾಕೆ?

ರಾತ್ರಿಯ ಬ್ಯಾಕಪ್ ಪೂರ್ತಿ ಆಟೊಮ್ಯಾಟಿಕ್. ಒಂದೇ ಎಚ್ಚರ: ಬೇರೆ ಹೇಳದಿದ್ದರೆ ಶೆಡ್ಯೂಲ್ ಸಮಯ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ) ಲೆಕ್ಕದಲ್ಲಿ ಓಡುತ್ತದೆ. ನಮ್ಮ ರಾತ್ರಿ 2 ಗಂಟೆಗೆ ಬೇಕಂದ್ರೆ 20:30 ಅಂತ ಕೊಡಬೇಕು. ಗಿಟ್‌ಹಬ್ ಮೇಲೆ ಲೋಡ್ ಜಾಸ್ತಿ ಇದ್ದಾಗ ತಡವಾಗಬಹುದು ಅಂತ ಅವರ ಡಾಕ್ಯುಮೆಂಟೇಶನ್ನಿನಲ್ಲೇ ಇದೆ. ಬ್ಯಾಕಪ್‌ಗೆ ಪರವಾಗಿಲ್ಲ. ನಿಮಿಷ ತಪ್ಪದಂತೆ ಓಡಬೇಕಾದ ಕೆಲಸವನ್ನು ನಿಮ್ಮ ಸರ್ವರಿನ ಕ್ರಾನ್‌ಗೇ (ಹೇಳಿದ ಸಮಯಕ್ಕೆ ಕೆಲಸ ಓಡಿಸುವ ಪ್ರೋಗ್ರಾಂ) ಕೊಡಿ.